ಕರೆಂಟ್ ಕಾರು ನಮ್ಮ ಓಡಾಟಕ್ಕೆ ಗಿಟ್ಟುತ್ತದೆಯೇ?

ಕೊಂಡ್ಲಹಳ್ಳಿಯಲ್ಲಿ ನಮ್ಮದು ಹನ್ನೆರಡು ಎಕರೆ ಖುಷ್ಕಿ ಜಮೀನು. ಬಹುಪಾಲು ಶೇಂಗಾ, ನಡುನಡುವೆ ತೊಗರಿ ಸಾಲು. ಒಂದು ಬೋರ್ ಇದೆ, ಅದರ ನೀರು ಒಂದೂವರೆ ಎಕರೆಗೆ ಸಾಕು. ಮನೆಯಲ್ಲಿ 2010ನೇ ಇಸವಿಯ ಒಂದು ಸಣ್ಣ ಪೆಟ್ರೋಲ್ ಕಾರಿದೆ, ಸೆಕೆಂಡ್ ಹ್ಯಾಂಡ್ ತಗೊಂಡದ್ದು. 2025ರಲ್ಲಿ ಅದಕ್ಕೆ ಹದಿನೈದು ವರ್ಷ ತುಂಬಿ ಆರ್.ಸಿ. ನವೀಕರಣಕ್ಕೆ ಬಂತು. ಅದಕ್ಕೆ ದುಡ್ಡು ಹಾಕೋ ಬದಲು ಇದನ್ನ ಮಾರಿ ಇಲೆಕ್ಟ್ರಿಕ್ ಕಾರು ತಗೊಳ್ಳೋಣ, ಕಿಲೋಮೀಟರಿಗೆ ಒಂದು ರೂಪಾಯಿ ಖರ್ಚಷ್ಟೆ ಅಂತ ಮಗ ಹಟ ಹಿಡಿದ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಈಗ ಹಸಿರು ನಂಬರ್ ಪ್ಲೇಟಿನ ಗಾಡಿಗಳು ಕಾಣುತ್ತಿವೆ. ಹಂಗಾಗಿ ಈ ಪ್ರಶ್ನೆ ನಮ್ಮ ಮನೆಯದೊಂದೇ ಅಲ್ಲ. ಹಲವರ ಹತ್ತಿರ ಕೇಳಿ, ಕೊಟೇಶನ್ ತರಿಸಿ, ನೋಟ್ ಬುಕ್ಕಿನಲ್ಲಿ ನಾನು ಹಾಕಿದ ಲೆಕ್ಕ ಇಲ್ಲಿದೆ. ದರಗಳನ್ನು ನಿಮ್ಮ ಊರಿನದು ಹಾಕಿಕೊಳ್ಳಿ. ಲೆಕ್ಕದ ದಾರಿ ಇದೇ ಸಾಕು.

ಎತ್ತು ಕೊಳ್ಳುವಾಗ ನಾವು ಬೆಲೆ ಒಂದನ್ನೇ ನೋಡುವುದಿಲ್ಲ. ಅದು ತಿನ್ನುವ ಮೇವೆಷ್ಟು, ಅದಕ್ಕೆ ನಮ್ಮಲ್ಲಿ ದುಡಿಮೆ ಎಷ್ಟು ದಿನ ಇದೆ, ಇದನ್ನೂ ನೋಡುತ್ತೇವೆ. ಕರೆಂಟ್ ಕಾರು ಅಂದರೆ ಬೆಲೆ ಜಾಸ್ತಿ, ಮೇವು ಕಡಿಮೆ ಇರುವ ಎತ್ತು. ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರೆ ಮೇವು ಉಳಿಯುವುದು ಎಲ್ಲಿಂದ? ದುಡಿದಷ್ಟೂ ಉಳಿಯುತ್ತದೆ.

ಎರಡು ಬೇರೆ ಬೇರೆ ಲೆಕ್ಕ

ಜನ ಎರಡು ಪ್ರಶ್ನೆಗಳನ್ನು ಒಂದಕ್ಕೊಂದು ಕಲಸಿಬಿಡುತ್ತಾರೆ. ಹೇಗೂ ಹೊಸ ಕಾರು ಕೊಳ್ಳಲೇಬೇಕು, ಪೆಟ್ರೋಲಿನದೋ ಕರೆಂಟಿನದೋ ಅನ್ನುವುದು ಒಂದು. ಓಡುತ್ತಿರುವ ಹಳೆ ಕಾರನ್ನು ಮಾರಿ ಕರೆಂಟಿನದು ತರಬೇಕೋ ಬೇಡವೋ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಎರಡು ಕಾರಿನ ಬೆಲೆಯ ವ್ಯತ್ಯಾಸ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎರಡನೆಯದರಲ್ಲಿ ಹೊಸ ಕಾರಿನ ಪೂರ್ತಿ ಬೆಲೆಯೇ ಲೆಕ್ಕಕ್ಕೆ ಬರುತ್ತದೆ. ಷೋರೂಮಿನವರು ಹೇಳುವುದು ಯಾವಾಗಲೂ ಮೊದಲನೆಯ ಲೆಕ್ಕ. ನಮ್ಮ ಮನೆಯದು ಎರಡನೆಯದು.

ಮೊದಲನೆಯದನ್ನೇ ಮುಂಚೆ ನೋಡೋಣ. 24 ಯೂನಿಟ್ ಹಿಡಿಯುವ ಬ್ಯಾಟರಿಯ ಒಂದು ಸಣ್ಣ ಕರೆಂಟ್ ಕಾರು ರಸ್ತೆಗೆ ಬರುವ ಹೊತ್ತಿಗೆ 10 ಲಕ್ಷ 50 ಸಾವಿರ. ಅದೇ ಅಳತೆಯ ಪೆಟ್ರೋಲ್ ಕಾರು 7 ಲಕ್ಷ. ವ್ಯತ್ಯಾಸ ಮೂರೂವರೆ ಲಕ್ಷ. ಹಿಂದೆ ಇಷ್ಟು ಅಂತರ ಇರಲಿಲ್ಲ. ಇಲೆಕ್ಟ್ರಿಕ್ ಗಾಡಿಗೆ ಜಿ.ಎಸ್.ಟಿ. 2019ರಿಂದ ಶೇ. 5 ಮಾತ್ರ, ಸಣ್ಣ ಪೆಟ್ರೋಲ್ ಕಾರಿಗೆ ಶೇ. 28 ಮತ್ತು ಮೇಲೆ ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲಿನ ಸಣ್ಣ ಕಾರಿಗೆ ಶೇ. 18 ಮಾಡಿದರು. ಪೆಟ್ರೋಲ್ ಕಾರು ಅಗ್ಗವಾಯಿತು, ಕರೆಂಟಿನದು ಇದ್ದಲ್ಲೇ ನಿಂತಿತು. ಜೀವಾವಧಿ ರಸ್ತೆ ತೆರಿಗೆಯ ಕಥೆಯೂ ಹೀಗೇ ಬದಲಾಗುವಂಥದ್ದು. ನಮ್ಮ ರಾಜ್ಯದಲ್ಲಿ 2016ರಲ್ಲಿ ಕರೆಂಟ್ ಗಾಡಿಗಳಿಗೆ ಅದನ್ನು ಪೂರ್ತಿ ಬಿಟ್ಟಿದ್ದರು. 2024ರಲ್ಲಿ 25 ಲಕ್ಷ ಮೀರಿದ ಕಾರುಗಳಿಗೆ ಶೇ. 10 ಹಾಕಿದರು. ರಿಯಾಯಿತಿ ಅನ್ನುವುದು ಸರ್ಕಾರದ ಕೈಯಲ್ಲಿರುವ ಹಗ್ಗ, ಎಳೆದರೆ ಎಳೆಯಿತು. ಕೊಳ್ಳುವ ವಾರದಲ್ಲಿ ಆರ್.ಟಿ.ಓ. ಆಫೀಸಿನಲ್ಲೇ ಕೇಳಿ ಲೆಕ್ಕ ಹಾಕುವುದು ಒಳ್ಳೆಯದು.

ಮೂರೂವರೆ ಲಕ್ಷ ಅಂದರೆ ನಮ್ಮ ಭಾಷೆಯಲ್ಲಿ ಎಷ್ಟು? 2025-26ರ ಶೇಂಗಾ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂ. ಆ ಬೆಲೆಯೇ ಸಿಕ್ಕಿತು ಅಂತಿಟ್ಟುಕೊಂಡರೂ 48 ಕ್ವಿಂಟಾಲ್ ಕಾಯಿ. ಎಕರೆಗೆ ನಾಲ್ಕು ಕ್ವಿಂಟಾಲ್ ಬಂದರೆ ನನ್ನ ಹನ್ನೆರಡು ಎಕರೆಯ ಇಡೀ ಬೆಳೆ. ಅದರಲ್ಲಿ ಬೀಜ, ಗೊಬ್ಬರ, ಕಳೆ, ಕೀಳೋ ಕೂಲಿ ಒಂದನ್ನೂ ತೆಗೆದಿಲ್ಲ.

ಮೇವಿನ ಲೆಕ್ಕ

ಪೆಟ್ರೋಲ್ ಲೀಟರಿಗೆ 103 ರೂ. ಹಿಡಿದೆ. ನಮ್ಮ ರಸ್ತೆಯಲ್ಲಿ ಸಣ್ಣ ಕಾರು ಲೀಟರಿಗೆ 17 ಕಿ.ಮೀ. ಕೊಡುತ್ತದೆ. ಕಿ.ಮೀ.ಗೆ 6 ರೂ. 5 ಪೈಸೆ ಬಿತ್ತು.

24 ಯೂನಿಟ್ ಬ್ಯಾಟರಿ ಕಾರಿಗೆ ಕಾಗದದ ಮೇಲೆ 300 ಕಿ.ಮೀ. ಮೀರಿ ಬರೆದಿರುತ್ತಾರೆ. ಅದು ಪರೀಕ್ಷಾ ಕೊಠಡಿಯ ಓಟ. ಬೇಸಿಗೆಯಲ್ಲಿ ಏಸಿ ಹಾಕಿ, ನಾಲ್ಕು ಜನ ಕೂತು, ಹೆದ್ದಾರಿಯಲ್ಲಿ ಓಡಿಸಿದರೆ 180 ಹಿಡಿಯಿರಿ. ಇನ್ನೊಂದು ಗುಟ್ಟಿದೆ. ಗೋಡೆಯ ಪ್ಲಗ್ಗಿನಿಂದ ಎಳೆದ ಕರೆಂಟು ಪೂರ್ತಿ ಬ್ಯಾಟರಿಗೆ ಇಳಿಯುವುದಿಲ್ಲ, ನೂರಕ್ಕೆ ಹತ್ತು ಹನ್ನೆರಡು ಪಾಲು ಬಿಸಿಯಾಗಿ ಹೋಗುತ್ತದೆ. ಮಣ್ಣಿನ ಕಾಲುವೆಯಲ್ಲಿ ನೀರು ಇಂಗುವ ಹಾಗೆ. ನಾವು ದುಡ್ಡು ಕಟ್ಟುವುದು ಮೀಟರಿನಲ್ಲಿ ಓಡಿದ್ದಕ್ಕೆ, ಬ್ಯಾಟರಿಗೆ ಇಳಿದದ್ದಕ್ಕಲ್ಲ. ಹಂಗಾಗಿ ಮೀಟರಿನ ಒಂದು ಯೂನಿಟ್ಟಿಗೆ 6.6 ಕಿ.ಮೀ. ಅಂತ ಹಿಡಿದೆ. ಯೂನಿಟ್ಟಿನ ದರ, ಸರ್‌ಚಾರ್ಜು, ತೆರಿಗೆ, ಹೆಚ್ಚುವ ನಿಗದಿತ ಶುಲ್ಕ ಎಲ್ಲ ಸೇರಿಸಿ 7 ರೂ. 50 ಪೈಸೆ. ಕಿ.ಮೀ.ಗೆ 1 ರೂ. 15 ಪೈಸೆ ಆಯಿತು. ಮಗ ಹೇಳಿದ ಒಂದು ರೂಪಾಯಿ ಬಹಳ ಸುಳ್ಳೇನಲ್ಲ.

ಕರೆಂಟ್ ಕಾರಿಗೆ ಇಂಜಿನ್ ಆಯಿಲ್ ಇಲ್ಲ, ಫಿಲ್ಟರ್ ಇಲ್ಲ, ಕ್ಲಚ್ ಇಲ್ಲ, ಪ್ಲಗ್ ಇಲ್ಲ. ಆ ಬಾಬಿನಲ್ಲಿ ಕಿ.ಮೀ.ಗೆ 40 ಪೈಸೆ ಉಳಿತಾಯ. ಟೈರು ಮಾತ್ರ ಕಡಿಮೆಯೇನೂ ಸವೆಯುವುದಿಲ್ಲ, ಬ್ಯಾಟರಿಯ ಭಾರ ಇರುತ್ತದಲ್ಲ. ಒಟ್ಟು ಕಿ.ಮೀ.ಗೆ 5 ರೂ. 30 ಪೈಸೆ ಉಳಿಯಿತು.

ಈಗ ಬೆಲೆಯ ಕಡೆ. ಹೆಚ್ಚಿನ ಮೂರೂವರೆ ಲಕ್ಷವನ್ನು ಬ್ಯಾಂಕಿನಲ್ಲಿ ಶೇ. 9ರ ಬಡ್ಡಿಗೆ ಏಳು ವರ್ಷಕ್ಕೆ ತಂದರೆ ತಿಂಗಳ ಕಂತು 5,631 ರೂ. ಏಳು ವರ್ಷಕ್ಕೆ ಕಟ್ಟುವುದು 4 ಲಕ್ಷ 73 ಸಾವಿರ. ಬಡ್ಡಿಯೇ 1 ಲಕ್ಷ 23 ಸಾವಿರ. "ಮೂರೂವರೆ ಲಕ್ಷ ಐದೇ ವರ್ಷದಲ್ಲಿ ವಾಪಸ್ ಬರ್ತದೆ" ಅನ್ನುವವರು ಈ ಬಡ್ಡಿಯನ್ನು ಹೇಳುವುದಿಲ್ಲ. ಇನ್ಶೂರೆನ್ಸಿನಲ್ಲಿ ಥರ್ಡ್ ಪಾರ್ಟಿ ಕಂತಿಗೆ ಇಲೆಕ್ಟ್ರಿಕ್ ಗಾಡಿಗೆ ಶೇ. 15 ರಿಯಾಯಿತಿ ಇದೆ, ನಿಜ. ಆದರೆ ಕಾರಿನ ಬೆಲೆಯೇ ಹೆಚ್ಚಿರುವುದರಿಂದ ಸ್ವಂತ ಡ್ಯಾಮೇಜಿನ ಕಂತು ಏರುತ್ತದೆ. ತಿಂಗಳಿಗೆ 400 ಸೇರಿಸಿದೆ. ಒಟ್ಟು 6,031.

ಇದನ್ನು 5 ರೂ. 30 ಪೈಸೆಯಿಂದ ಭಾಗಿಸಿದರೆ ತಿಂಗಳಿಗೆ 1,138 ಕಿ.ಮೀ., ದಿನಕ್ಕೆ 38. ಅಂದರೆ ಭಾನುವಾರ, ಹಬ್ಬ ಎಲ್ಲ ಸೇರಿ ದಿನಕ್ಕೆ ಸರಾಸರಿ 38 ಕಿ.ಮೀ. ಓಡಿಸುವವನಿಗೆ ಹೆಚ್ಚಿನ ಕಂತನ್ನು ಕಾರೇ ದುಡಿದು ಕಟ್ಟುತ್ತದೆ. ಅದಕ್ಕಿಂತ ಕಡಿಮೆ ಓಡಿಸುವವನು ಕೈಯಿಂದ ಹಾಕಬೇಕು.

ಷಡ್ಡಕನಿಗೆ ಗಿಟ್ಟಿತು, ನನಗೆ ಗಿಟ್ಟಲಿಲ್ಲ

ನನ್ನ ಷಡ್ಡಕ ಒಬ್ಬರು ಚಳ್ಳಕೆರೆಯಲ್ಲಿ ಸ್ವಂತ ಮನೆ ಇರುವ ಮಾಸ್ತರು. ಚಿತ್ರದುರ್ಗಕ್ಕೆ ದಿನಾ ಹೋಗಿ ಬರುತ್ತಾರೆ, ಸುಮಾರು 65 ಕಿ.ಮೀ. ವರ್ಷಕ್ಕೆ 240 ದಿನ ಅಂದರೆ 15,600. ಮದುವೆ, ಊರು, ಆಸ್ಪತ್ರೆ ಅಂತ ಇನ್ನೊಂದು 3,400. ಒಟ್ಟು 19,000. ಅವರಿಗೆ ಹೇಗೂ ಹೊಸ ಕಾರು ಬೇಕಿತ್ತು. ವರ್ಷಕ್ಕೆ ಉಳಿತಾಯ 1 ಲಕ್ಷ 700 ರೂ., ಹೆಚ್ಚಿನ ಕಂತು ಮತ್ತು ಇನ್ಶೂರೆನ್ಸ್ 72,400. ಕೈಗೆ 28,300 ಉಳಿಯಬೇಕು. ತಿಂಗಳ ಸಂಬಳದವರು, ಕಂತಿಗೆ ತೊಂದರೆ ಇಲ್ಲ.

ಆದರೆ ಅವರ ಲೆಕ್ಕದಲ್ಲೂ ಒಂದು ಕಂದು ಹೋಗುತ್ತದೆ. 2023ರಿಂದ ನಮ್ಮ ಮನೆಗಳಿಗೆ ಗೃಹಜ್ಯೋತಿ ಬಂದಿದೆಯಲ್ಲ. 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಉಚಿತ ಕೊಡುತ್ತಾರೆ. ಅದಕ್ಕಿಂತ ಜಾಸ್ತಿ ಸುಟ್ಟರೆ ಜಾಸ್ತಿಯಾದದ್ದಕ್ಕೆ ಕಟ್ಟಬೇಕು, 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಷಡ್ಡಕರ ಕಾರೊಂದೇ ತಿಂಗಳಿಗೆ 240 ಯೂನಿಟ್ ಕುಡಿಯುತ್ತದೆ. ಮನೆಗೆ ಬರುತ್ತಿದ್ದ 90 ಯೂನಿಟ್ ಉಚಿತವೂ ಅದರ ಜೊತೆ ಹೋಯಿತು. ವರ್ಷಕ್ಕೆ 8,100 ರೂ. ಕಳೆದರೆ ಲಾಭ 20,000 ಆಸುಪಾಸಿಗೆ ಇಳಿಯಿತು. ಕಾರಿನ ಚಾರ್ಜಿಂಗಿಗೆ ಬೆಸ್ಕಾಂ ಬೇರೆಯೇ ದರ ಇಟ್ಟಿದೆ. ಬೇರೆ ಮೀಟರ್ ಹಾಕಿಸಿದರೆ ಎಷ್ಟು ಖರ್ಚು ಅಂತ ಸೆಕ್ಷನ್ ಆಫೀಸಿನಲ್ಲಿ ಕೇಳಿಯೇ ಮುಂದುವರಿಯಬೇಕು. ಹೆಚ್ಚು ಓಡಿಸುವವರಿಗೆ ಅದೇ ವಾಸಿ. ಕಾರಿಗಿಂತ ಮೊದಲು ಕೇಳಬೇಕಾದ ಮಾತು ಇದು, ಯಾವ ಷೋರೂಮಿನಲ್ಲೂ ಇದನ್ನು ಹೇಳಿದ್ದು ನಾನು ಕೇಳಲಿಲ್ಲ.

ಈಗ ನನ್ನದು. ನಮ್ಮ ಕಾರು ವರ್ಷಕ್ಕೆ ಓಡುವುದು 7,000 ಕಿ.ಮೀ. ಒಳಗೆ. ಚಳ್ಳಕೆರೆ ಮಂಡಿ, ಮೊಳಕಾಲ್ಮೂರಿನ ತಾಲ್ಲೂಕು ಕಚೇರಿ, ಬಳ್ಳಾರಿ ಆಸ್ಪತ್ರೆ, ಬೀಗರ ಊರು, ಮುಗಿಯಿತು. ಹೆಂಗಸರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಓಡಾಟ ಇನ್ನೂ ಕಡಿಮೆ. ನನ್ನ ಹೆಂಡತಿ ತವರಿಗೆ ಹೋಗಲು ಕಾರು ಕೇಳುವುದನ್ನೇ ಬಿಟ್ಟಿದ್ದಾಳೆ. ಹೊಸದು ಕೊಳ್ಳಲೇಬೇಕಾಗಿತ್ತು ಅಂತಿಟ್ಟುಕೊಂಡರೂ 7,000 ಕಿ.ಮೀ.ಗೆ ಉಳಿತಾಯ 37,100, ಹೆಚ್ಚಿಗೆ ಕಟ್ಟುವುದು 72,400. ವರ್ಷಕ್ಕೆ 35,300 ಕೈಯಿಂದ. ಏಳು ವರ್ಷಕ್ಕೆ 2 ಲಕ್ಷ 47 ಸಾವಿರ. ಒಂದು ಬೋರು ಕೊರೆಸಿ ಮೋಟಾರು ಇಳಿಸುವ ದುಡ್ಡು.

ಆದರೆ ನನಗೆ ಕೊಳ್ಳಲೇಬೇಕಾದ ಅವಸರವೂ ಇರಲಿಲ್ಲ. ಹಳೆ ಕಾರು ಓಡುತ್ತಿದೆ. ಲೀಟರಿಗೆ 14 ಕೊಡುತ್ತದೆ, ವರ್ಷಕ್ಕೆ ಪೆಟ್ರೋಲು 51,500, ರಿಪೇರಿ 20,000, ಒಟ್ಟು 71,500. ಕರೆಂಟಿನದಾದರೆ ಕರೆಂಟು, ಸರ್ವಿಸ್ ಸೇರಿ 11,500. ಉಳಿಯುವುದು 60,000. ಹಳೆಯದನ್ನು ಲಕ್ಷಕ್ಕೆ ಕೊಟ್ಟು, ಕೈಯಿಂದ ಒಂದೂವರೆ ಹಾಕಿ, 8 ಲಕ್ಷ ಸಾಲ ತಂದರೆ ಕಂತು ತಿಂಗಳಿಗೆ 12,870, ವರ್ಷಕ್ಕೆ 1 ಲಕ್ಷ 54 ಸಾವಿರ. 60,000 ಉಳಿಸಲು ಒಂದೂವರೆ ಲಕ್ಷ ಕಟ್ಟುವುದು. ಮಗನ ಮುಂದೆ ಈ ಎರಡು ಅಂಕಿ ಬರೆದಿಟ್ಟೆ. ಅವನು ಅರ್ಧ ಗಂಟೆ ಕೂಡಿಸಿ ಕಳೆದು ನೋಡಿದ. "ಅಪ್ಪಾ, ಪೆಟ್ರೋಲು 150 ಆದ್ರೆ?" ಅಂದ. ಅದನ್ನೂ ಹಾಕಿ ನೋಡಿದೆವು. ಉಳಿತಾಯ 83,500ಕ್ಕೆ ಏರಿತು, ಕಂತು ಮಾತ್ರ ಅಲ್ಲೇ.

ನಮ್ಮಂಥವರಿಗೆ ಇನ್ನೊಂದು ತೊಡಕು ಕಂತಿನ ತಾರೀಕಿನದು. ಶೇಂಗಾ ದುಡ್ಡು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿಗೆ ಬರುತ್ತದೆ. ಕಂತು ತಿಂಗಳು ತಿಂಗಳೂ ಬರುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿದರಲ್ಲ, ಅಂಥ ವರ್ಷ ಏಳರಲ್ಲಿ ಎರಡು ಬಂದರೂ ನಮ್ಮ ಸೀಮೆಗೆ ಅದೇನು ಹೊಸದಲ್ಲ. ಬೆಳೆಸಾಲಕ್ಕಾದರೆ ಬರ ಬಂದಾಗ ಅವಧಿ ಮುಂದೂಡುವ ದಾರಿ ಇರುತ್ತದೆ. ಕಾರಿನ ಸಾಲಕ್ಕೆ ಮಳೆಯ ಲೆಕ್ಕ ಗೊತ್ತಿಲ್ಲ.

ಬ್ಯಾಟರಿಯ ಆಯಸ್ಸು

ಕರೆಂಟ್ ಕಾರು ಕರ್ನಾಟಕಕ್ಕೆ ಹೊಸದಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಅನ್ನುವ ಪುಟ್ಟ ಕಾರು ಬಂದಿತ್ತು. ಅದಕ್ಕಿದ್ದದ್ದು ಸೀಸದ ಬ್ಯಾಟರಿ, ನಮ್ಮ ಟ್ರ್ಯಾಕ್ಟರಿನ ಬ್ಯಾಟರಿಯ ಜಾತಿಯದು. ಒಂದು ಚಾರ್ಜಿಗೆ 80 ಕಿ.ಮೀ. ಈಗಿನವು ಲಿಥಿಯಂ ಬ್ಯಾಟರಿ. ಬಹಳ ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ಗ್ಯಾರಂಟಿ ಕೊಡುತ್ತವೆ, ಯಾವುದು ಮೊದಲೋ ಅದು. ಷಡ್ಡಕರ ಓಟ 8 ವರ್ಷಕ್ಕೆ 1,52,000 ಆಗುತ್ತದೆ, ಗ್ಯಾರಂಟಿ ಪೂರ್ತಿ ದಕ್ಕಿತು. ನನ್ನ ಓಟದಲ್ಲಿ 8 ವರ್ಷಕ್ಕೆ 56,000. ಕಿಲೋಮೀಟರು ಲಕ್ಷದ ಮೇಲೆ ಉಳಿದಿದ್ದರೂ ವರ್ಷ ಮುಗಿದಿರುತ್ತದೆ. ಲಿಥಿಯಂ ಬ್ಯಾಟರಿ ಓಡಿದರೂ ಸವೆಯುತ್ತದೆ, ಸುಮ್ಮನೆ ನಿಂತರೂ ಸವೆಯುತ್ತದೆ. ಅದರಲ್ಲೂ ಬಿಸಿಲಿಗೆ ಪೂರ್ತಿ ಚಾರ್ಜ್ ಮಾಡಿ ನಿಲ್ಲಿಸಿದರೆ ಬೇಗ. ನಮ್ಮ ಕಡೆ ಏಪ್ರಿಲ್ ತಿಂಗಳ ಬಿಸಿಲು ಹೇಳಬೇಕಿಲ್ಲ. ಗ್ಯಾರಂಟಿ ಕಾಗದದಲ್ಲಿ ಬ್ಯಾಟರಿಯ ಶಕ್ತಿ ನೂರಕ್ಕೆ ಎಷ್ಟಕ್ಕಿಂತ ಕೆಳಗೆ ಇಳಿದರೆ ಬದಲಿಸಿಕೊಡುತ್ತಾರೆ ಅನ್ನುವ ಸಾಲನ್ನು ಓದಿಸಿಕೊಳ್ಳಿ. ಗ್ಯಾರಂಟಿ ಕಳೆದ ಮೇಲೆ ಬದಲಿಸುವುದಾದರೆ ಲಕ್ಷಗಳ ಮಾತು.

ಇದರಲ್ಲೇ ಕಾಯುವವನಿಗೆ ಒಂದು ಅನುಕೂಲವೂ ಇದೆ. ಜಗತ್ತಿನಲ್ಲಿ ಲಿಥಿಯಂ ಬ್ಯಾಟರಿಯ ಬೆಲೆ 2010ರಲ್ಲಿ ಯೂನಿಟ್ ಶಕ್ತಿಗೆ ಸಾವಿರ ಡಾಲರಿಗೂ ಮೇಲಿತ್ತು, 2024ಕ್ಕೆ 115 ಡಾಲರಿಗೆ ಇಳಿದಿತ್ತು. ಹಳೆ ಕಾರು ಇನ್ನು ಐದು ವರ್ಷ ಓಡಿದರೆ ಆಗ ಕೊಳ್ಳುವವನಿಗೆ ಇಷ್ಟು ಅಂತರ ಇರಲಾರದು ಅನ್ನುವುದು ನನ್ನ ಅಂದಾಜು. ನಾರ್ವೆ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರು ಹತ್ತರಲ್ಲಿ ಒಂಬತ್ತರ ಹತ್ತಿರ ಕರೆಂಟಿನವು. ಅಲ್ಲಿ ಪೆಟ್ರೋಲ್ ಕಾರಿಗೆ ಭಾರಿ ತೆರಿಗೆ ಹೇರಿ ಬೆಲೆಯ ಅಂತರವನ್ನೇ ಅಳಿಸಿಬಿಟ್ಟರು. ಅಲ್ಲಿನವರ ಲೆಕ್ಕ ಅಲ್ಲಿಗೆ, ನಮ್ಮದು ಇಲ್ಲಿಗೆ.

ಚಾರ್ಜ್ ಎಲ್ಲಿ ಮಾಡುತ್ತೀರಿ

ಊರೊಳಗೆ ಮನೆ ಇದ್ದು, ಕಾರು ನಿಲ್ಲಿಸುವ ಜಾಗಕ್ಕೆ 15 ಆಂಪ್ಸಿನ ಪ್ಲಗ್ ಎಳೆಯಲು ಆಗುವವರಿಗೆ ಮಾತ್ರ ಮೇಲಿನ ಲೆಕ್ಕ. ಆ ಪ್ಲಗ್ಗಿನಲ್ಲಿ 24 ಯೂನಿಟ್ ತುಂಬಲು ಎಂಟೊಂಬತ್ತು ಗಂಟೆ ಬೇಕು, ರಾತ್ರಿ ಹಾಕಿದರೆ ಬೆಳಿಗ್ಗೆಗೆ. ಒಂದು ಕಿಲೋವ್ಯಾಟ್ ಮಂಜೂರಾದ ಮನೆಗೆ ಮೂರು ಕಿಲೋವ್ಯಾಟ್ ಎಳೆಯುವ ಕಾರು ಕಟ್ಟಿದರೆ ಲೋಡು ಏರಿಸಿಕೊಳ್ಳಬೇಕು, ನಿಗದಿತ ಶುಲ್ಕವೂ ಏರುತ್ತದೆ.

ತೋಟದ ಮನೆಯವರ ಕಥೆ ಬೇರೆ. ನಿರಂತರ ಜ್ಯೋತಿಯಲ್ಲಿ ಊರಿನ ಲೈನು, ಪಂಪ್‌ಸೆಟ್ ಲೈನು ಬೇರೆ ಮಾಡಿದ ಮೇಲೆ ಹೊಲದಲ್ಲಿ ತ್ರೀ ಫೇಸ್ ಸಿಗುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯಲ್ಲಿ. ಕೆಲವರು ಪಂಪ್‌ಸೆಟ್ ಲೈನಿನಿಂದಲೇ ಹಾಕಿಕೊಂಡರೆ ಪುಕ್ಕಟೆಯಲ್ಲವಾ ಅನ್ನುತ್ತಾರೆ. 10 ಎಚ್.ಪಿ.ವರೆಗಿನ ಪಂಪಿಗೆ ಉಚಿತ ಕರೆಂಟು ಕೊಡುವುದು ನೀರೆತ್ತಲು. ಬೇರೆ ಉಪಯೋಗಕ್ಕೆ ಎಳೆದರೆ 2003ರ ವಿದ್ಯುತ್ ಕಾಯ್ದೆಯಲ್ಲಿ ದಂಡ ಇದೆ. ಇಡೀ ರೈತರ ಉಚಿತ ಕರೆಂಟಿಗೇ ಕಣ್ಣು ಬೀಳುವ ಕೆಲಸ ಅದು, ಮಾಡಬಾರದು.

ದಾರಿಯಲ್ಲಿ ದುಡ್ಡು ಕೊಟ್ಟು ಬೇಗ ಚಾರ್ಜ್ ಮಾಡಿಸುವ ಜಾಗದಲ್ಲಿ ನಾನು ವಿಚಾರಿಸಿದಾಗ ಯೂನಿಟ್ಟಿಗೆ 20 ರೂ. ಹತ್ತಿರ ಹೇಳಿದರು. ಅಲ್ಲಿ ಕಿ.ಮೀ.ಗೆ 3 ರೂ. ಬೀಳುತ್ತದೆ. ನಮ್ಮೂರಿಂದ ಬೆಂಗಳೂರು 200 ಕಿ.ಮೀ. ಮೇಲೆ, ಈ ಸಣ್ಣ ಕಾರಿಗೆ ದಾರಿಯಲ್ಲಿ ಒಂದು ಸಲ ನಿಲ್ಲಲೇಬೇಕು. ತಿಂಗಳಿಗೊಮ್ಮೆಯಾದರೆ ಪರವಾಗಿಲ್ಲ. ಬಾಡಿಗೆಗೆ ಓಡಿಸಿ ದಿನಾ ಹೊರಗೇ ತುಂಬಿಸುವವರು ಉಳಿತಾಯವನ್ನು ಕಿ.ಮೀ.ಗೆ ಮೂರೂವರೆ ರೂಪಾಯಿ ಅಂತ ಮಾತ್ರ ಹಿಡಿಯಬೇಕು. ಆಗ ದಿನಕ್ಕೆ 38 ಅಲ್ಲ, 57 ಕಿ.ಮೀ. ಓಡಬೇಕು.

ಬಿಸಿಲನ್ನೇ ಬಳಸಿಕೊಳ್ಳಬಾರದೇ ಅಂತಲೂ ಕೇಳುತ್ತಾರೆ. ಚಳ್ಳಕೆರೆಯ ಪಕ್ಕದ ಪಾವಗಡ ತಾಲ್ಲೂಕಿನ ತಿರುಮಣಿ ಕಡೆ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕೇ ಇದೆ. ಮನೆ ಮೇಲೆ ಹಾಕಿಸಲು 2024ರಲ್ಲಿ ಶುರುವಾದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂ. ಸಬ್ಸಿಡಿ ಕೊಡುತ್ತಾರೆ. ಹೆಚ್ಚು ಓಡಿಸುವವರಿಗೆ ಅದು ಜೊತೆಯಾಗುತ್ತದೆ. ಕಡಿಮೆ ಓಡಿಸುವವರಿಗೆ ಎರಡನೇ ಸಾಲವಾಗುತ್ತದೆ.

ನಾವು ಮಾಡಿದ್ದು

ಹಳೆ ಕಾರಿಗೆ 5,000 ರೂ. ನವೀಕರಣ ಶುಲ್ಕ ಕಟ್ಟಿ, ಬ್ರೇಕು, ಹೊಗೆ ಎಲ್ಲ ಸರಿ ಮಾಡಿಸಿ ಐದು ವರ್ಷಕ್ಕೆ ಆರ್.ಸಿ. ಮಾಡಿಸಿದೆವು. ಮಗ ಚಳ್ಳಕೆರೆಯ ಅಂಗಡಿ ಕೆಲಸಕ್ಕೆ ಬೈಕಿನಲ್ಲಿ ಹೋಗುತ್ತಿದ್ದ, ವರ್ಷಕ್ಕೆ 15,000 ಕಿ.ಮೀ. ಮೇಲೆ. ಓಡುವುದು ಬೈಕೇ ಹೊರತು ಕಾರಲ್ಲ ಅನ್ನುವುದು ನೋಟ್ ಬುಕ್ಕಿನಲ್ಲಿ ಕಂಡಿತು. ಬೈಕಿಗೆ ಕಿ.ಮೀ.ಗೆ 2 ರೂ. ಪೆಟ್ರೋಲು. ಕರೆಂಟ್ ಸ್ಕೂಟರಿಗೆ 30 ಪೈಸೆ ಒಳಗೆ. ವರ್ಷಕ್ಕೆ 25,000 ರೂ. ಉಳಿಯುತ್ತದೆ. ಬೈಕು ಮಾರಿದ 35,000ಕ್ಕೆ 80,000 ಸೇರಿಸಿ ಸ್ಕೂಟರ್ ತಂದೆವು, ಕಂತಿಲ್ಲದೆ. ಮೂರು ವರ್ಷ ಮೂರು ತಿಂಗಳಿಗೆ ಹಾಕಿದ್ದು ವಾಪಸ್. ತಿಂಗಳಿಗೆ ಅದು ತಿನ್ನುವುದು ಐವತ್ತು ಯೂನಿಟ್, ಮನೆಯದು ಸೇರಿದರೂ 200ರ ಗೆರೆ ದೂರವೇ ಇದೆ, ಉಚಿತಕ್ಕಿಂತ ಮೇಲಾದದ್ದಕ್ಕೆ ಕಟ್ಟುತ್ತೇವೆ.

ಸ್ಕೂಟರಾಗಲಿ ಕಾರಾಗಲಿ, ತರುವ ಮೊದಲು ಮನೆಯ ಅರ್ಥಿಂಗ್ ನೋಡಿಸಿ. ನಮ್ಮದು ಮರಳು ಮಿಶ್ರಿತ ಕೆಂಪು ನೆಲ. ಫೆಬ್ರವರಿಗೇ ಅರ್ಥ್ ಗುಂಡಿ ಒಣಗಿ ಹೋಗುತ್ತದೆ. ಬಲ್ಬು, ಫ್ಯಾನು ಉರಿಯುತ್ತಿರುವುದರಿಂದ ಗೊತ್ತಾಗುವುದಿಲ್ಲ. ಆದರೆ ಇಂಥ ಚಾರ್ಜರು ಅರ್ಥ್ ಸರಿ ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನೆ ನಿಂತುಬಿಡುತ್ತದೆ. ನಾವು ಎಲೆಕ್ಟ್ರಿಷಿಯನ್ನಿಂದ ಹೊಸ ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿಸಿ, ಬಚ್ಚಲ ನೀರು ಆ ಕಡೆಗೇ ಹರಿಯುವ ಹಾಗೆ ಮಾಡಿಸಿದ್ದೇವೆ. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರನ್ನೂ ಹುಯ್ಯುತ್ತೇವೆ.